ಹಳೇ ಜೀಪಿನ ತುಕ್ಕಿಗೆ ಪುಟ್ಟಿ ಮದ್ದಲ್ಲ

ದೊಡ್ಡಬಳ್ಳಾಪುರ, ದೇವನಹಳ್ಳಿ ಸೀಮೆಯ ತೋಟದ ಮನೆಗಳ ಮುಂದೆ ಹಳೇ ಮಹೀಂದ್ರ ಜೀಪು, 1985ರ ಕೊನೆಗೆ ಬಂದ ಮಾರುತಿ ಜಿಪ್ಸಿ ಈಗಲೂ ಕಾಣುತ್ತವೆ. ನಿಮ್ಮಲ್ಲೂ ಒಂದಿದ್ದರೆ, ಬಣ್ಣ ಹೊಡೆಸುವ ಮೊದಲು ಒಳಗಿನ ಮ್ಯಾಟ್ ಎತ್ತಿ ನೋಡಿ.

ಮಳೆಯಲ್ಲಿ ಮಾಕಳಿದುರ್ಗದ ಕಡೆ ಓಡಿಸಿದರೆ ಕೆಸರು ಛಾಸಿಯ ಸಂದಿಗಳಲ್ಲಿ ಕೂತು ವಾರಗಟ್ಟಲೆ ತೇವ ಹಿಡಿದಿಡುತ್ತದೆ. ನೀರಿಳಿಯುವ ತೂತು ಕಟ್ಟಿಕೊಂಡರಂತೂ ತುಕ್ಕು ಒಳಗಿಂದಲೇ ತಿನ್ನುತ್ತದೆ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಟಣ್ ಎಂದರೆ ತಗಡು ಗಟ್ಟಿ. ಸದ್ದು ಮಂಕಾಗಿ ಕೆಂಪು ಪುಡಿ ಉದುರಿದರೆ ಅಲ್ಲಿ ಜೀವವಿಲ್ಲ.

ಮೇಲುಮೇಲಿನ ತುಕ್ಕಾದರೆ ಲೋಹ ಹೊಳೆಯುವ ತನಕ ವೈರ್ ಬ್ರಷ್‌ನಿಂದ ಉಜ್ಜಿ, ಅದೇ ದಿನ ರೆಡ್ ಆಕ್ಸೈಡ್ ಬಳಿಯಿರಿ. ಒಂದು ರಾತ್ರಿ ಬಿಟ್ಟರೂ ಮತ್ತೆ ಕೆಂಪಾಗುತ್ತದೆ. ತೂತಾಗಿದ್ದರೆ ಕೊಳೆತ ಭಾಗ ಕತ್ತರಿಸಿ ಹೊಸ ಶೀಟ್ ವೆಲ್ಡ್ ಮಾಡಿಸಲೇಬೇಕು. ಪುಟ್ಟಿ ತುಂಬಿ ಮುಚ್ಚಿದ್ದು ಮುಂದಿನ ಮಳೆಗಾಲಕ್ಕೆ ಗುಳ್ಳೆ ಎದ್ದಿದ್ದನ್ನು ನನ್ನ ಜೀಪಿನಲ್ಲೇ ನೋಡಿದ್ದೇನೆ. ವೆಲ್ಡಿಂಗ್‌ಗೆ ಮೊದಲು ಬ್ಯಾಟರಿ ತಂತಿ ಬಿಚ್ಚಿಸಿ. ಇಂಧನದ ಟ್ಯಾಂಕ್ ಹತ್ತಿರವಿದ್ದರೆ ಅದನ್ನು ಇಳಿಸದೆ ಕಿಡಿ ಹಾರಿಸಬೇಡಿ.

ಹೆಡ್‌ಲೈಟ್ ಮಂಕು, ಹಾರನ್ ಒಮ್ಮೆ ಕೂಗಿ ಒಮ್ಮೆ ಸುಮ್ಮನಾಗುವುದು, ಇಂಥ ಸಣ್ಣ ಕಾಟಗಳಿಗೂ ಎಷ್ಟೋ ಸಲ ತುಕ್ಕೇ ಕಾರಣ. ಬಲ್ಬು ಬದಲಿಸುವ ಮುನ್ನ ಗಾಡಿಯ ಮೈಗೆ ಅರ್ಥ್ ವೈರ್ ಕೂಡಿಸಿರುವ ಬೋಲ್ಟ್ ಬಿಚ್ಚಿ, ಉಪ್ಪುಕಾಗದದಿಂದ ಉಜ್ಜಿ, ಬಿಗಿಯಾಗಿ ಕೂರಿಸಿ ನೋಡಿ.

15 ವರ್ಷ ದಾಟಿದ ಖಾಸಗಿ ಗಾಡಿಗೆ 5 ವರ್ಷಕ್ಕೊಮ್ಮೆ ನೋಂದಣಿ ನವೀಕರಣ ಆಗಬೇಕು. ಅದಕ್ಕಾಗಿ ನಡೆಯುವ ತಪಾಸಣೆಯ ಹಿಂದಿನ ದಿನದವರೆಗೆ ಕಾಯಬೇಡಿ. ಈ ಭಾನುವಾರವೇ ಮ್ಯಾಟ್ ಎತ್ತಿ.