ವಾಲ್ವಿನ ಸ್ವರವೂ ಚಳ್ಳಕೆರೆಯ ಲೈನೂ

ವಿದ್ಯುತ್ ಗಿಟಾರೆಂಬುದು ತನ್ನಷ್ಟಕ್ಕೆ ತಾನು ಅರ್ಧವಾದ್ಯ ಮಾತ್ರ. ತಂಬೂರಿಗೆ ಸೋರೆಬುರುಡೆ ಹೇಗೋ ಹಾಗೆ ಅದಕ್ಕೊಂದು ಆಂಪ್ಲಿಫೈಯರು ಬೇಕು; ಆ ಪೆಟ್ಟಿಗೆಯ ಗುಣಾವಗುಣಗಳು ನುಡಿಸುವವನ ಕೈಗುಣದೊಡನೆ ಬೆರೆತೇ ಹೊರಬರುವುದರಿಂದ, ಕೇಳುವವರು ಬೆರಳಿನದು ಯಾವುದು, ಪೆಟ್ಟಿಗೆಯದು ಯಾವುದು ಎಂದು ಬೇರ್ಪಡಿಸಿ ಹೇಳಲಾರರು. ಗಣೇಶೋತ್ಸವದ ರಸಮಂಜರಿ, ಮದುವೆಯ ಆರ್ಕೆಸ್ಟ್ರಾ, ಫಾಲ್ಗುಣದಲ್ಲಿ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ತೇರಿನ ಆಸುಪಾಸಿನಲ್ಲಿ ಹಳ್ಳಿಹಳ್ಳಿಗೂ ಏಳುವ ವೇದಿಕೆಗಳು, ಇವಿಷ್ಟೇ ಗಿಟಾರಿಗೆ ಆಶ್ರಯವಾಗಿರುವ ಚಳ್ಳಕೆರೆಯ ಸೀಮೆಯಲ್ಲಿ, ಟ್ರಾನ್ಸಿಸ್ಟರಿನ ಹಗುರವಾದ ಪೆಟ್ಟಿಗೆಯೊಂದನ್ನು ಬೈಕಿನ ಹಿಂದೆ ಕಟ್ಟಿಕೊಂಡು ಹೋಗುವುದೇ ರೂಢಿ. ಬಹುಕಾಲ ನಾನೂ ಆ ರೂಢಿಯಲ್ಲಿಯೇ ನಡೆದೆನು. ವಾಲ್ವಿನ ಆಂಪ್ಲಿಫೈಯರನ್ನು ತಂದಮೇಲೆ ನಾನು ಕಲಿತದ್ದರಲ್ಲಿ ಸಂಗೀತಕ್ಕೆ ಸೇರಿದ್ದು ಸ್ವಲ್ಪ. ನಮ್ಮೂರಿನ ವಿದ್ಯುತ್ತಿಗೂ ಮಣ್ಣಿಗೂ ಸೇರಿದ್ದೇ ಹೆಚ್ಚು.

ಬೆಂಗಳೂರಿನಿಂದ ತಂದದ್ದು 15 ವಾಟ್ ಶಕ್ತಿಯ, 12 ಅಂಗುಲದ ಸ್ಪೀಕರನ್ನು ಒಡಲಲ್ಲಿಯೇ ಹೊತ್ತ ಪೆಟ್ಟಿಗೆ. ಅದರ ಬೆನ್ನ ಕಡೆ ಬಗ್ಗಿ ನೋಡಿದರೆ ಇಎಲ್84 ಎಂಬ ಜಾತಿಯ ಎರಡು ಶಕ್ತಿವಾಲ್ವುಗಳೂ 12ಎಎಕ್ಸ್7 ಎಂಬ ಜಾತಿಯ ಮೂರು ಚಿಕ್ಕ ವಾಲ್ವುಗಳೂ ಸಾಲಾಗಿ ನಿಂತಿರುವುದು ಕಾಣುತ್ತದೆ. ವಾಲ್ವಿನ ತತ್ತ್ವ ಜಟಿಲವಾದುದಲ್ಲ. ಗಾಳಿಯನ್ನು ಹೊರತೆಗೆದ ಗಾಜಿನ ಬುಡ್ಡಿಯೊಳಗೆ, ಕಾದ ಕ್ಯಾಥೋಡಿನಿಂದ ಹೊರಟ ಎಲೆಕ್ಟ್ರಾನುಗಳು ಸುಮಾರು 300 ವೋಲ್ಟಿನಷ್ಟು ಧನವಿಭವವುಳ್ಳ ಪ್ಲೇಟಿನ ಕಡೆಗೆ ಧಾವಿಸುತ್ತವೆ; ದಾರಿಯ ನಡುವೆ ಅಡ್ಡಲಾಗಿರುವ ಗ್ರಿಡ್ ಎಂಬ ತಂತಿಜಾಲರಿಗೆ ಗಿಟಾರಿನಿಂದ ಬಂದ ಅತ್ಯಲ್ಪ ಕಂಪನವನ್ನು ಮುಟ್ಟಿಸಿದರೆ, ಆ ಪ್ರವಾಹವೆಲ್ಲವೂ ಅದಕ್ಕನುಗುಣವಾಗಿ ಹಿಗ್ಗುತ್ತ ಕುಗ್ಗುತ್ತ ಅದೇ ಕಂಪನದ ಹಿರಿಯ ಪ್ರತಿರೂಪವಾಗುತ್ತದೆ. 1904ರಲ್ಲಿ ಇಂಗ್ಲೆಂಡಿನ ಫ್ಲೆಮಿಂಗನು ಗ್ರಿಡ್ಡಿಲ್ಲದ ವಾಲ್ವನ್ನೂ, 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟನು ಗ್ರಿಡ್ಡುಳ್ಳ ವಾಲ್ವನ್ನೂ ಮಾಡಿದ ಮೇಲೆ ಅರ್ಧ ಶತಮಾನ ಜಗತ್ತಿನ ರೇಡಿಯೋಗಳೆಲ್ಲವೂ ಈ ಬುಡ್ಡಿಗಳ ಬೆಳಕಿನಲ್ಲಿಯೇ ಮಾತಾಡಿದುವು. ಟ್ರಾನ್ಸಿಸ್ಟರು ಬಂದು ಅವನ್ನೆಲ್ಲ ಮೂಲೆಗೊತ್ತಿದರೂ ಗಿಟಾರಿನವರು ಮಾತ್ರ ಬಿಡಲಿಲ್ಲ. ಶಕ್ತಿಯ ಮೇರೆ ಮುಟ್ಟಿದಾಗ ಟ್ರಾನ್ಸಿಸ್ಟರು ಧ್ವನಿತರಂಗದ ನೆತ್ತಿಯನ್ನು ಥಟ್ಟನೆ ಚಪ್ಪಟೆಯಾಗಿಸಿ ಕರ್ಕಶಗೊಳಿಸುವುದು, ವಾಲ್ವಾದರೋ ಅದನ್ನು ಮೆಲ್ಲಮೆಲ್ಲನೆ ದುಂಡಗಾಗಿಸುವುದು. ಅವರ ಹಟಕ್ಕೆ ಮುಖ್ಯ ಕಾರಣ ಇದು.

ಅಂಗಡಿಯ ಹವಾನಿಯಂತ್ರಿತ ಕೊಠಡಿಯಲ್ಲಿ ಕೇಳಿದ ಸ್ವರವು ಚಳ್ಳಕೆರೆಯ ಮನೆಯಲ್ಲಿ ಕೇಳಲಿಲ್ಲ. ಸಂಜೆಯ ಹೊತ್ತು ಅದು ಸೊರಗಿದಂತೆ, ರಾತ್ರಿ ಹನ್ನೊಂದರ ಮೇಲೆ ಚೇತರಿಸಿಕೊಂಡಂತೆ ತೋರುತ್ತಿತ್ತು. ಮನಸ್ಸಿನ ಭ್ರಮೆಯಿರಬಹುದೆಂದು ಮೀಟರು ಹಿಡಿದು ನೋಡಿದಾಗ ಭ್ರಮೆಯಲ್ಲವೆಂದು ತಿಳಿಯಿತು. ಶೇಂಗಾ ಎಣ್ಣೆಗೆ ಹೆಸರಾದ ಊರು ನಮ್ಮದು. ಮಿಲ್ಲುಗಳ ಮೋಟಾರುಗಳು ಒಂದು ಕಡೆ, ಕೊಳವೆಬಾವಿಯ ಪಂಪುಗಳು ಇನ್ನೊಂದು ಕಡೆ ಎಳೆಯಲಾರಂಭಿಸಿದರೆ 230 ಇರಬೇಕಾದ ಲೈನು 190ಕ್ಕೆ ಇಳಿಯುವುದು ಅಪರೂಪವಲ್ಲ. ಟ್ರಾನ್ಸಿಸ್ಟರಿನ ಪೆಟ್ಟಿಗೆಗೆ ಇದು ಅಷ್ಟಾಗಿ ನಾಟುವುದಿಲ್ಲ. ವಾಲ್ವಿನ ಕ್ಯಾಥೋಡನ್ನು ಕಾಯಿಸುವ ಫಿಲಮೆಂಟಿಗೆ 6.3 ವೋಲ್ಟ್ ಬೇಕು. ಲೈನು 190 ಆದಾಗ ಅಲ್ಲಿಗೆ ದೊರೆಯುವುದು 5.2 ಮಾತ್ರ. ನೂರಕ್ಕೆ ಹತ್ತರಷ್ಟು ಹೆಚ್ಚುಕಡಮೆಯನ್ನು ಸಹಿಸಬಲ್ಲ ವಸ್ತುವು ನೂರಕ್ಕೆ ಹದಿನೇಳರಷ್ಟು ಕೊರತೆಯಲ್ಲಿ ಎಲೆಕ್ಟ್ರಾನುಗಳನ್ನು ಜಿಪುಣತನದಿಂದ ಬಿಡುವುದರಲ್ಲಿ ಆಶ್ಚರ್ಯವೇನಿದೆ? ಪ್ಲೇಟಿನ ವಿಭವವೂ ಅದೇ ಪ್ರಮಾಣದಲ್ಲಿ ಕುಗ್ಗುವುದರಿಂದ, ಸಾಯಂಕಾಲದಲ್ಲಿ ನಾನು ನುಡಿಸುತ್ತಿದ್ದುದು ಗಿಟಾರನ್ನಲ್ಲ, ಊರಿನ ಮಿಲ್ಲುಗಳ ಏರಿಳಿತವನ್ನು ಎಂದರೂ ತಪ್ಪಾಗದು.

ಇದಕ್ಕೆ ಪರಿಹಾರ ಸ್ಟೆಬಿಲೈಸರು. ಆದರೆ ಅದರಲ್ಲಿಯೂ ಭೇದವುಂಟು. ಫ್ರಿಜ್ಜಿಗೆ ಹಾಕುವ ರಿಲೇ ಜಾತಿಯದು ಹೆಜ್ಜೆಹೆಜ್ಜೆಯಾಗಿ ಏರಿಸುವಾಗಲೂ ಇಳಿಸುವಾಗಲೂ ಟಕ್ಕೆಂದು ಸದ್ದುಮಾಡಿ ಹಾಡಿನ ನಡುವೆ ಸ್ವರವನ್ನು ಜಿಗಿಸುತ್ತದೆ. ಸರ್ವೋ ಜಾತಿಯದು ಪುಟ್ಟ ಮೋಟಾರಿನಿಂದ ಬ್ರಷ್ಷನ್ನು ಸುರುಳಿಯ ಮೇಲೆ ಸರಿಸುತ್ತ ನಿಧಾನವಾಗಿ ಹೊಂದಿಸುತ್ತದೆ. ಎರಡನೆಯದಕ್ಕೆ ಬೆಲೆ ಹೆಚ್ಚು, ಭಾರವೂ ಹೆಚ್ಚು. ಆದರೂ ವಾಲ್ವಿನ ಪೆಟ್ಟಿಗೆಯನ್ನು ಬಯಲುಸೀಮೆಗೆ ತರುವವರು ಇದರ ಹಣವನ್ನೂ ಮೊದಲೇ ಲೆಕ್ಕಕ್ಕೆ ಹಿಡಿದಿರಬೇಕು.

ವಿಭವ ಸರಿಯಾದ ಮೇಲೂ ಗುಂಯ್ಗುಡುವ ಸದ್ದೊಂದು ಉಳಿಯಿತು. ಇದನ್ನು ಬಿಡಿಸಿದವನು ನಮ್ಮ ಊರಿನ ಒಬ್ಬ ಹಳೆಯ ಮೈಕ್‌ಸೆಟ್ ರಿಪೇರಿಯವನು. ಜಾತ್ರೆಗಳಲ್ಲಿ ಕಹಳೆಯಾಕಾರದ ಸ್ಪೀಕರುಗಳನ್ನು ಬೇವಿನ ಮರಕ್ಕೆ ಕಟ್ಟುತ್ತಿದ್ದ ಕಾಲದಿಂದಲೂ ವಾಲ್ವುಗಳೊಡನೆ ಬಾಳಿದವನು. ಬಂದವನು ಪೆಟ್ಟಿಗೆಯನ್ನು ಮುಟ್ಟಲೇ ಇಲ್ಲ. ಗಿಟಾರಿನ ತಂತಿಯ ಮೇಲೆ ಅಂಗೈ ಇಡುವಂತೆ ನನಗೆ ಹೇಳಿದನು. ಇಟ್ಟೊಡನೆ ಸದ್ದು ಅಡಗಿತು, ತೆಗೆದೊಡನೆ ಎದ್ದಿತು. "ನಿಮ್ಮ ಮೈಯೇ ಅರ್ತಾಗೈತೆ," ಎಂದು ನಕ್ಕು, ಮುಳ್ಳಿನ ಮೀಟರಿನ ಎರಡು ಕಡ್ಡಿಗಳನ್ನು ಗೋಡೆಯ ಪ್ಲಗ್ಗಿನ ನ್ಯೂಟ್ರಲಿಗೂ ಅರ್ತಿಗೂ ತಗುಲಿಸಿದನು. ಒಂದೆರಡು ವೋಲ್ಟಿನೊಳಗೆ ನಿಲ್ಲಬೇಕಾದ ಮುಳ್ಳು ಇಪ್ಪತ್ತರ ಹತ್ತಿರ ಹೋಗಿ ನಿಂತಿತು.

ಕಾರಣ ಹಿತ್ತಿಲಿನಲ್ಲಿತ್ತು. ಮನೆ ಕಟ್ಟುವಾಗ ಕೊಳವೆಯನ್ನು ನೆಟ್ಟು, ಸುತ್ತಲೂ ಇದ್ದಿಲು ಉಪ್ಪುಗಳನ್ನು ಪದರಪದರವಾಗಿ ತುಂಬಿ ಮಾಡಿದ ಅರ್ತಿನ ಗುಂಡಿ ಶಾಸ್ತ್ರೋಕ್ತವಾಗಿಯೇ ಇದ್ದಿತು. ಆದರೆ ಮಣ್ಣು ವಿದ್ಯುತ್ತನ್ನು ಒಯ್ಯುವುದು ತನ್ನೊಳಗಿನ ತೇವದಿಂದಲೂ ಆ ತೇವದಲ್ಲಿ ಕರಗಿದ ಲವಣದಿಂದಲೂ; ಕರ್ಣಾಟಕದಲ್ಲಿ ಅತ್ಯಂತ ಕಡಮೆ ಮಳೆ ಬೀಳುವ ತಾಲ್ಲೂಕುಗಳಲ್ಲೊಂದಾದ ಚಳ್ಳಕೆರೆಯಲ್ಲಿ, ಅದೂ ಮಾಘ ಕಳೆದಮೇಲೆ, ಕೆಮ್ಮಣ್ಣಿನಲ್ಲಿ ಆ ತೇವವೆಲ್ಲಿಂದ ಬರಬೇಕು? ಒಣಗಿ ಬಿರಿದ ಗುಂಡಿಯೊಳಗೆ ಕೊಳವೆ ನಿಂತಿತ್ತು, ಭೂಮಿಯ ಸಂಪರ್ಕ ಮಾತ್ರ ಇರಲಿಲ್ಲ. ಮುದುಕನು ಬಕೆಟ್ಟಿನಲ್ಲಿ ಉಪ್ಪನ್ನು ಕದಡಿ, ಕೊಳವೆಯ ಬಾಯಿಗೆ ಆಲಿಕೆಯನ್ನಿಟ್ಟು, ಅವಸರವಿಲ್ಲದೆ ಹೊಯ್ದನು. ಮಣ್ಣು ನೀರನ್ನು ಹೀರುವ ಬುಳುಬುಳು ಶಬ್ದ ನಿಲ್ಲುವವರೆಗೆ ಕಾದು ಮತ್ತೆ ಹೊಯ್ದನು. ಮರುದಿನ ಬೆಳಗ್ಗೆ ಮುಳ್ಳು ಮೂರಕ್ಕಿಂತ ಕೆಳಗೆ ಬಂದಿತ್ತು, ಗುಂಯ್ಕಾರ ಮುಕ್ಕಾಲುಪಾಲು ಇಳಿದಿತ್ತು. ಉಳಿದ ಪಾಲು ನೆತ್ತಿಯ ಮೇಲಣ ಟ್ಯೂಬ್‌ಲೈಟಿನ ಹಳೆಯ ಚೋಕಿನದು. ದೀಪವನ್ನಾರಿಸಿದರೆ ಅದೂ ಇಲ್ಲ.

ಈ ಗುಂಯ್ಕಾರವನ್ನು ಕಳೆಯಲೆಂದು ಪ್ಲಗ್ಗಿನ ಮೂರನೆಯ ಮೊಳೆಯನ್ನೇ ಇಕ್ಕಳದಿಂದ ಮುರಿದುಬಿಡುವ ವಾದ್ಯಗಾರರನ್ನು ನಾನು ಕಂಡಿದ್ದೇನೆ. ಅದನ್ನು ಎಂದಿಗೂ ಮಾಡತಕ್ಕದ್ದಲ್ಲ. ಗಿಟಾರಿನ ತಂತಿಗಳು ಪೆಟ್ಟಿಗೆಯ ಲೋಹದ ಚೌಕಟ್ಟಿಗೆ ಸೇರಿಕೊಂಡಿರುತ್ತವೆ. ಒಳಗೆ ಎಲ್ಲಾದರೂ ಸೋರಿಕೆಯಾದರೆ ಅದು ಹರಿಯಬೇಕಾದ ಹಾದಿ ಆ ಮೊಳೆಯೊಂದೇ, ಅದಿಲ್ಲದಾಗ ನುಡಿಸುವವನ ದೇಹ. ಒಳಗಿನ ಕೆಪಾಸಿಟರುಗಳು ಸ್ವಿಚ್ಚು ತೆಗೆದ ಮೇಲೂ ಪ್ರಾಣಾಂತಿಕವಾದ ವಿಭವವನ್ನು ಹಿಡಿದಿಟ್ಟುಕೊಂಡಿರಬಲ್ಲವು. ಆದ್ದರಿಂದ ಮುಚ್ಚಳವನ್ನು ಬಿಚ್ಚುವ ಕುತೂಹಲವನ್ನೂ ಬಲ್ಲವರಿಗೆ ಬಿಟ್ಟುಕೊಡುವುದು ಲೇಸು. ಸ್ಪೀಕರಿನ ತಂತಿ ಕಳಚಿರುವಾಗ ಪೆಟ್ಟಿಗೆಯನ್ನು ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರು ಸುಟ್ಟುಹೋಗಬಹುದೆಂಬುದೂ ತಿಳಿದಿರತಕ್ಕ ಮಾತು.

ಇನ್ನು ಧ್ವನಿಯ ವಿಚಾರ. ಹದಿನೈದು ವಾಟ್ ಎಂದರೆ ಅಲ್ಪವೆಂದು ರಸಮಂಜರಿಯ ಗೆಳೆಯರು ಮೂಗು ಮುರಿದರು. ಶ್ರವಣೇಂದ್ರಿಯದ ಲೆಕ್ಕ ಬೇರೆಯೇ ಇದೆ: ಶಕ್ತಿಯನ್ನು ಇಮ್ಮಡಿಸಿ 30 ವಾಟ್ ಮಾಡಿದರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ, ಕಿವಿಗೆ ಎರಡರಷ್ಟು ಎನ್ನಿಸಬೇಕಾದರೆ ಸುಮಾರು ಹತ್ತುಮಡಿ, ಎಂದರೆ 150 ವಾಟ್, ಬೇಕು. ವಾಸ್ತವವಾಗಿ ನನಗೊದಗಿದ ಕಷ್ಟ ಈ ಹದಿನೈದೇ ಹೆಚ್ಚಾದದ್ದು. ಶಕ್ತಿವಾಲ್ವುಗಳು ಏದುಸಿರು ಬಿಡುವಷ್ಟು ದುಡಿದಾಗಲೇ ಆ ದುಂಡನೆಯ ಸ್ವರ ಮೈದೋರುವುದು. ಬೇಸಗೆಯಲ್ಲಿ ಇಡೀ ಓಣಿ ಮಾಳಿಗೆಯ ಮೇಲೆ ಮಲಗುವ ಊರಿನಲ್ಲಿ ಅಷ್ಟು ಗಟ್ಟಿಯಾಗಿ ನುಡಿಸಿ ಬದುಕುಳಿಯುವುದು ದುಸ್ತರ. ಮಿತ್ರರೊಬ್ಬರ ಎಣ್ಣೆಮಿಲ್ಲಿನ ಗೋದಾಮು, ಕೆಲಸವಿಲ್ಲದ ದಿನಗಳಲ್ಲಿ, ನನಗೆ ದೊರೆಯಿತು. ಸಿಪ್ಪೆಸಹಿತವಾದ ಶೇಂಗಾದ ಗೋಣಿಚೀಲಗಳನ್ನು ಸೂರಿನವರೆಗೆ ಒಟ್ಟಿದ ಆ ಕೋಣೆಗಿಂತ ಒಳ್ಳೆಯ ಪರೀಕ್ಷಾಮಂದಿರವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ: ಗೋಣಿಯೂ ಸಿಪ್ಪೆಯೂ ತಾರಧ್ವನಿಯ ಪ್ರತಿಫಲನವನ್ನೆಲ್ಲ ನುಂಗಿಬಿಡುವುದರಿಂದ ಪೆಟ್ಟಿಗೆಯ ಸ್ವಂತ ಕಂಠವೊಂದೇ ಉಳಿಯುತ್ತದೆ. ಪೆಟ್ಟಿಗೆಯ ವಾಲ್ಯೂಮನ್ನು ಏರಿಸಿಟ್ಟು ಗಿಟಾರಿನ ವಾಲ್ಯೂಮನ್ನು ಕಿರುಬೆರಳಿನಿಂದ ತಗ್ಗಿಸಿ ನುಡಿಸಿದರೆ ಸ್ವಚ್ಛವಾದ ಸ್ವರ, ಅದನ್ನೇ ತೆರೆದು ಬಲವಾಗಿ ಮೀಟಿದರೆ ಕ್ಷಣಮಾತ್ರ ಕುಗ್ಗಿ ಅನಂತರ ಅರಳುವ ಸ್ವರ, ಹೀಗೆ ಒಂದೇ ತಿರುಪಿನೊಳಗೆ ಎಷ್ಟೋ ಛಾಯೆಗಳು ಅಡಗಿರುವುದನ್ನು ನಾನು ತಿಳಿದದ್ದು ಅಲ್ಲಿ. ಪೆಟ್ಟಿಗೆಯ ಮುಂಭಾಗದ ಉಳಿದ ತಿರುಪುಗಳಿಗೆ ಕೈಹಾಕುವ ಅಗತ್ಯ ಆಮೇಲೆ ಬಹಳವಾಗಿ ಬೀಳಲಿಲ್ಲ.

ಮೊಳಕಾಲ್ಮುರಿಗೆ ಅದನ್ನು ಒಯ್ದದ್ದು ಅಲ್ಲಿನ ನೇಕಾರ ಗೆಳೆಯನ ಬಲವಂತಕ್ಕೆ. ಅವನು ಭಜನೆಯಲ್ಲಿ ಹಾರ್ಮೋನಿಯಂ ನುಡಿಸುವವನು, ಕಿವಿ ಬಹು ಸೂಕ್ಷ್ಮ. ತಳಕು, ಬಿ.ಜಿ. ಕೆರೆಗಳನ್ನು ದಾಟಿ ಹಾನಗಲ್ಲಿನಲ್ಲಿ ತಿರುಗಿ ಊರು ಸೇರುವಷ್ಟರಲ್ಲಿ, ವಾಹನದ ಕುಲುಕಾಟದಿಂದ ಒಂದು ಚಿಕ್ಕ ವಾಲ್ವು ಕೆಟ್ಟು, ಕೆಲವು ಸ್ವರಗಳಲ್ಲಿ ಗಾಜಿನ ಬಳೆ ಅಲುಗಿದಂಥ ಝಣಝಣವೊಂದು ಸೇರಿಕೊಂಡಿತ್ತು. ಪೆನ್ಸಿಲಿನ ಹಿಂತುದಿಯಿಂದ ಒಂದೊಂದೇ ವಾಲ್ವನ್ನು ಮೆಲ್ಲನೆ ತಟ್ಟಿದರೆ ಅಪರಾಧಿ ತಾನೇ ಸ್ಪೀಕರಿನಲ್ಲಿ ಕೂಗಿಕೊಳ್ಳುತ್ತದೆಂಬುದನ್ನು ರಿಪೇರಿಯವನು ಕಲಿಸಿದ್ದನು. ಹಾಗೆಯೇ ಗುರುತಿಸಿ ಬದಲಾಯಿಸಿದ ಮೇಲೂ ಝಣತ್ಕಾರ ನಿಲ್ಲಲಿಲ್ಲ! ಗೆಳೆಯನು ಒಂದು ಗಳಿಗೆ ಆಲಿಸಿ, ಎದ್ದು, ಮಗ್ಗದ ಕಡೆಗೆ ಹೋದನು. 2011ರಲ್ಲಿ ಭೌಗೋಳಿಕ ಸೂಚ್ಯಂಕದ ಮನ್ನಣೆ ಪಡೆದ ಮೊಳಕಾಲ್ಮೂರು ರೇಷ್ಮೆಸೀರೆಯ ಮಗ್ಗವದು; ಜಕಾರ್ಡಿನ ದಾರಗಳ ತುದಿಯಲ್ಲಿ ತೂಗುವ ನೂರಾರು ಸಪುರ ಕಬ್ಬಿಣದ ಕಡ್ಡಿಗಳು, ಗಿಟಾರಿನ ದಪ್ಪ ತಂತಿಯ 82 ಹರ್ಟ್ಸ್ ಸ್ವರಕ್ಕೆ, ಒಂದಕ್ಕೊಂದು ತಾಗಿ ಅನುರಣಿಸುತ್ತಿದ್ದುವು. "ಜಕಾರ್ಡೂ ಹಾಡ್ತೈತಲ್ಲಣ್ಣ," ಎಂದನು. ಅಂಗೈಯಿಂದ ಅವನ್ನು ಒತ್ತಿಹಿಡಿದಾಗ ಪೆಟ್ಟಿಗೆ ನಿರ್ದೋಷಿಯೆಂದು ಸಿದ್ಧವಾಯಿತು.

ಆ ಸಂಜೆ ನಾವು ಕೂಗುಬಂಡೆಯ ಬಳಿಗೂ ಹೋದೆವು. ಮೊಳಕಾಲ್ಮುರಿನ ಗುಡ್ಡಗಳ ನಡುವೆ ನಿಂತು ಕೂಗಿದರೆ ಮಾತನ್ನು ಹಿಂದಿರುಗಿಸುವ ಈ ಸ್ಥಳದ ಖ್ಯಾತಿ ಹಳೆಯದು. ನನ್ನ ಪೆಟ್ಟಿಗೆಯಲ್ಲಿಯೂ ರಿವರ್ಬ್ ಎಂಬ ತಿರುಪುಂಟು: ಸ್ವರವನ್ನು ಸಪುರವಾದ ಉಕ್ಕಿನ ಸ್ಪ್ರಿಂಗುಗಳೊಳಗೆ ಹರಿಸಿ, ಅವುಗಳ ತುದಿಯಿಂದ ತುದಿಗೆ ಬಡಿದು ತಡವಾಗಿ ಬಂದ ಅಲೆಗಳನ್ನು ಮೂಲಸ್ವರದೊಡನೆ ಬೆರೆಸುವ ಉಪಾಯವದು, ಹ್ಯಾಮಂಡ್ ಆರ್ಗನ್ನುಗಳಿಂದ ಬಂದು 1960ರ ದಶಕದ ಆರಂಭದಲ್ಲಿ ಫೆಂಡರ್ ಕಂಪನಿಯ ಮೂಲಕ ಗಿಟಾರಿನ ಲೋಕವನ್ನು ಹೊಕ್ಕಿತು. ಮನೆಗೆ ಮರಳಿ ಅದನ್ನು ತಿರುಗಿಸಿ ಕೇಳಿಸಿದಾಗ ಗೆಳೆಯನು ಒಪ್ಪಲಿಲ್ಲ. ಬಂಡೆಯು ಮಾತು ಮುಗಿಯುವವರೆಗೆ ಕಾಯುತ್ತದೆ, ಈ ಸ್ಪ್ರಿಂಗು ಮಾತಿನ ಮೇಲೆಯೇ ಬೀಳುತ್ತದೆ, ಎಂಬುದು ಅವನ ಆಕ್ಷೇಪ. ವಿಜ್ಞಾನವೂ ಅವನ ಪಕ್ಷವೇ: ಬಿಡಿಯಾಗಿ ಕೇಳಬೇಕಾದ ಪ್ರತಿಧ್ವನಿಗೆ ಬಂಡೆ 17 ಮೀಟರಿಗಿಂತ ದೂರದಲ್ಲಿರಬೇಕು, ಸ್ಪ್ರಿಂಗಿನ ತಡ ಅಷ್ಟು ದೀರ್ಘವಾದುದಲ್ಲ. ಅಂದಿನಿಂದ ಆ ತಿರುಪು ನನ್ನಲ್ಲಿ ಎರಡರ ಅಂಕಿಯನ್ನು ದಾಟಿಲ್ಲ.

ಬದಲಾಯಿಸಿದ ಆ ವಾಲ್ವಿನ ಮಾತು ಉಳಿಯಿತು. ಅದು ರಿಪೇರಿಯವನು ಬಿಸ್ಕತ್ತಿನ ಡಬ್ಬಿಯಿಂದ ತೆಗೆದುಕೊಟ್ಟ ಹಳೆಯ ಇಸಿಸಿ83. 12ಎಎಕ್ಸ್7ಗೆ ಯೂರೋಪಿನವರಿಟ್ಟ ಹೆಸರು. ಗಾಜಿನ ಮೇಲೆ ಬಿಇಎಲ್ ಮುದ್ರೆ ಅರ್ಧ ಅಳಿಸಿತ್ತು. 1954ರಲ್ಲಿ ಜಾಲಹಳ್ಳಿಯಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಿಂದ ರೇಡಿಯೋ ವಾಲ್ವುಗಳನ್ನು ತಯಾರಿಸಿತು. ಇಂದು ಗಿಟಾರಿನವರು ರಷ್ಯ, ಸ್ಲೊವಾಕಿಯ, ಚೀನಗಳ ಬೆರಳೆಣಿಕೆಯ ಕಾರ್ಖಾನೆಗಳ ಕಡೆಗೆ ನೋಡಬೇಕಾಗಿದೆ. 2022ರ ಮಾರ್ಚಿನಲ್ಲಿ ಯುದ್ಧದ ದೆಸೆಯಿಂದ ರಷ್ಯದ ವಾಲ್ವುಗಳ ರಫ್ತಿಗೆ ತಡೆಯುಂಟಾದಾಗ ಲೋಕದ ಗಿಟಾರಿಗರೆಲ್ಲ ಕಂಗಾಲಾದರು. ಮುದುಕನ ಡಬ್ಬಿಯಲ್ಲಿ ಜಾಲಹಳ್ಳಿಯದೇ ಇಎಲ್84ರ ಜೋಡಿಯೊಂದು ಇದೆ. ಕೇಳಿದ ಬೆಲೆ ಕೊಡುತ್ತೇನೆಂದರೂ ಕೊಡಲೊಲ್ಲನು. ಅವನ ಕೈಯಲ್ಲಿ ಇನ್ನೂ ಒಂದು ಹಳೆಯ ರೇಡಿಯೋಗ್ರಾಂ ರಿಪೇರಿಗೆ ಕಾದಿದೆಯಂತೆ, ಅದರ ಯಜಮಾನರು ಮೊದಲು ಹೇಳಿದವರಂತೆ.