ಹುತ್ರಿದುರ್ಗದ ದಾರಿಯಲ್ಲಿ ಎಂಜಿನ್ ದೀಪ ಹೊತ್ತಿತೇ? ಒಂಬತ್ತು ಸೂತ್ರಗಳು

ರಜಾದಿನ ಬಂತೆಂದರೆ ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗಕ್ಕೆ ಬೆಂಗಳೂರು, ತುಮಕೂರು ಕಡೆಯ ಕಾರುಗಳು ಸಾಲಾಗಿ ಬರುತ್ತವೆ. ಸುಮಾರು 3,700 ಅಡಿ ಎತ್ತರದ ಕೆಂಪೇಗೌಡರ ಕೋಟೆಯನ್ನು ಹತ್ತಿ ಇಳಿಯುವಷ್ಟರಲ್ಲಿ ಬೆಟ್ಟದ ಬುಡದ ಸಂತೆಪೇಟೆಯ ಬಿಸಿಲಿಗೆ ನಿಂತ ಕಾರು ಚೆನ್ನಾಗಿ ಕಾದಿರುತ್ತದೆ. ಸ್ಟಾರ್ಟ್ ಮಾಡಿ ಹೊರಟರೆ ಎದುರಿಗೆ ಎಂಜಿನ್ ಆಕಾರದ ಹಳದಿ ದೀಪ. ಗಾಡಿ ಮಾತ್ರ ಸರಾಗವಾಗಿ ಓಡುತ್ತಿದೆ. ಪೆಟ್ರೋಲ್ ಕಾರಾದರೆ ಟ್ಯಾಂಕಿನ ಆವಿಯನ್ನು ಹಿಡಿದಿಡುವ ವ್ಯವಸ್ಥೆಯ ಮೇಲೂ ಕಣ್ಣಿಡಿ. ಅದರ ದುರಸ್ತಿ ಎಷ್ಟೋ ಸಲ ಅಗ್ಗದ್ದು. ಊಹೆಯ ಮೇಲೆ ಒಂದೊಂದೇ ಭಾಗ ಬದಲಿಸುತ್ತಾ ಹೋದಾಗ ದುಬಾರಿಯಾಗುತ್ತದೆ.

1. ಮೊದಲು ದೀಪವನ್ನೇ ನೋಡಿ. ಮಿನುಗುತ್ತಿದ್ದರೆ ಎಂಜಿನ್ ಮಿಸ್ ಹೊಡೆಯುತ್ತಿದೆ ಎಂದರ್ಥ. ಪಕ್ಕಕ್ಕೆ ಹಾಕಿ ನಿಲ್ಲಿಸಿ. ಸ್ಥಿರವಾಗಿ ಉರಿಯುತ್ತಿದ್ದು, ಗಾಡಿ ಎಳೆಯುವುದರಲ್ಲಿ ವ್ಯತ್ಯಾಸವಿಲ್ಲದೆ, ಪೆಟ್ರೋಲ್ ವಾಸನೆಯೂ ಇಲ್ಲದಿದ್ದರೆ ಕುಣಿಗಲ್ಲಿಗೋ ಮಾಗಡಿಗೋ ನಿಧಾನವಾಗಿ ಹೋಗಬಹುದು.

2. ಆವಿಯ ದಾರಿಯನ್ನು ತಿಳಿದುಕೊಳ್ಳಿ. ಟ್ಯಾಂಕಿನಿಂದ ಏಳುವ ಪೆಟ್ರೋಲ್ ಆವಿ ಕ್ಯಾನಿಸ್ಟರ್ ಎಂಬ ಡಬ್ಬಿಯೊಳಗಿನ ಸಕ್ರಿಯ ಇದ್ದಿಲಿಗೆ ಅಂಟಿಕೊಳ್ಳುತ್ತದೆ. ಎಂಜಿನ್ ಬಿಸಿಯಾದ ಮೇಲೆ ಪರ್ಜ್ ವಾಲ್ವ್ ತೆರೆದುಕೊಂಡಾಗ ಎಂಜಿನ್ ಆ ಆವಿಯನ್ನು ಎಳೆದು ಸುಡುತ್ತದೆ. ಡೀಸೆಲ್ ಕಾರಿಗೆ ಈ ತಾಪತ್ರಯ ಇಲ್ಲ.

3. ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದದೆ ಏನನ್ನೂ ಅಳಿಸಬೇಡಿ. ಬ್ಯಾಟರಿ ವೈರು ಕಿತ್ತು ದೀಪ ಆರಿಸುವುದು ಸುಲಭ, ಆದರೆ ಸಾಕ್ಷಿಯೂ ಅದರ ಜೊತೆಗೇ ಹೋಗುತ್ತದೆ. ಸ್ಟಿಯರಿಂಗ್ ಕೆಳಗಿನ ಓಬಿಡಿ ಸಾಕೆಟ್ಟಿಗೆ ಸ್ಕ್ಯಾನರ್ ಚುಚ್ಚಿಸಿ, ಬಂದ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಪಿ0441 ಎಂದರೆ ಆವಿಯ ಹರಿವು ಸರಿಯಿಲ್ಲ. ಪಿ0443, ಪಿ0444, ಪಿ0445 ಪರ್ಜ್ ವಾಲ್ವಿನ ವಿದ್ಯುತ್ ದೋಷಗಳು. ಪಿ0442 ಸಣ್ಣ ಸೋರಿಕೆ, ಪಿ0455 ದೊಡ್ಡ ಸೋರಿಕೆ, ಪಿ0457 ಟ್ಯಾಂಕಿನ ಮುಚ್ಚಳದ ಕಡೆಗೆ ಬೆರಳು ತೋರುತ್ತದೆ. ಸೋರಿಕೆಯನ್ನು ತಾನೇ ಪರೀಕ್ಷಿಸಿಕೊಳ್ಳುವ ಏರ್ಪಾಡು ಎಲ್ಲ ಕಾರುಗಳಲ್ಲಿಯೂ ಇರುವುದಿಲ್ಲ. ಹಾಗಾಗಿ ಹೊರದೇಶದ ವಿಡಿಯೋ ನೋಡಿ ನಮ್ಮ ಕಾರಿಗೂ ಅದೇ ಕಾಯಿಲೆ ಎಂದು ತೀರ್ಮಾನಿಸಬೇಡಿ.

4. ಸೋರಿಕೆಯ ಕೋಡ್ ಬಂದಿದ್ದರೆ ಪೆಟ್ರೋಲ್ ಮುಚ್ಚಳದಿಂದಲೇ ಶುರುಮಾಡಿ. ರಬ್ಬರ್ ರಿಂಗ್ ಬಿರುಕು ಬಿಟ್ಟಿದೆಯೇ, ಬಾಯಂಚಿನಲ್ಲಿ ಧೂಳು ಕೂತಿದೆಯೇ ನೋಡಿ, ಒರೆಸಿ, ಟಿಕ್ ಎನ್ನುವವರೆಗೆ ತಿರುಗಿಸಿ.

5. ಪರ್ಜ್ ವಾಲ್ವ್‌ಗೆ ಸಮಯ ಕೊಡಿ. ನನ್ನ ಮಟ್ಟಿಗೆ ಇಡೀ ಹುಡುಕಾಟದ ಹೃದಯ ಇದೇ. ಪೆಟ್ರೋಲ್ ತುಂಬಿಸಿದ ಕೂಡಲೇ ಎಂಜಿನ್ ಸ್ಟಾರ್ಟ್ ಆಗಲು ತಿಣುಕುತ್ತದೆಯೇ? ನಿಂತಲ್ಲಿ ಅದುರುತ್ತದೆಯೇ? ವಾಲ್ವ್ ತೆರೆದುಕೊಂಡೇ ಸಿಕ್ಕಿಬಿದ್ದಿರುವ ಲಕ್ಷಣ ಅದು. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿ, ಕ್ಯಾನಿಸ್ಟರ್ ಕಡೆಯ ಪೈಪನ್ನು ವಾಲ್ವಿನಿಂದ ಬಿಡಿಸಿ, ವಾಲ್ವಿನ ಆ ಬಾಯಿಗೆ ಬೆರಳಿಡಿ. ಸಾಮಾನ್ಯವಾಗಿ ಆಗ ಎಳೆತ ಇರಬಾರದು. ಬಲವಾಗಿ ಎಳೆಯುತ್ತಲೇ ಇದ್ದರೆ ವಾಲ್ವ್ ಮುಚ್ಚುತ್ತಿಲ್ಲ. ಎಂಜಿನ್ ಬಿಸಿಯಾದ ಮೇಲೆ ಟಕಟಕ ಸದ್ದು, ಬಿಟ್ಟುಬಿಟ್ಟು ಎಳೆತ ಸಹಜ. ವಿದ್ಯುತ್ ಕೋಡ್ ಬಂದಿದ್ದರೆ ವಾಲ್ವ್ ಕೊಳ್ಳುವ ಮೊದಲು ಫ್ಯೂಸ್, ಕನೆಕ್ಟರ್, ವೈರು ನೋಡಲೇಬೇಕು. ಕಿತ್ತುಹೋದ ಒಂದು ವೈರಿಗೂ ಸುಟ್ಟ ವಾಲ್ವಿಗೂ ಕಂಪ್ಯೂಟರ್ ಒಂದೇ ದೂರು ಬರೆಯಬಹುದು.

6. ಇಲಿ, ಹೆಗ್ಗಣ, ಧೂಳು ಮರೆಯಬೇಡಿ. ತೋಟದ ಮನೆಯ ಪಕ್ಕ, ಹುಲ್ಲಿನ ಮೆದೆಯ ಬಳಿ ವಾರಗಟ್ಟಲೆ ನಿಲ್ಲುವ ಕಾರಿನ ರಬ್ಬರ್ ಪೈಪುಗಳನ್ನು ಇಲಿ ಕಡಿಯುತ್ತದೆ. ಕ್ಯಾನಿಸ್ಟರಿಗೆ ಗಾಳಿ ಬರುವ ಬಾಯಿ ಧೂಳಿನಿಂದಲೋ, ಹುಳ ಕಟ್ಟಿದ ಮಣ್ಣಿನ ಗೂಡಿನಿಂದಲೋ ಮುಚ್ಚಿಹೋಗಬಹುದು. ಬಂಕಿನಲ್ಲಿ ನಾಜಲ್ ಮತ್ತೆ ಮತ್ತೆ ತಾನಾಗಿ ಕಟ್ ಆಗುತ್ತಿದ್ದರೆ ಆ ಗಾಳಿಯ ಬಾಯಿಯನ್ನೂ ನೋಡಿಸಿ.

7. ನಾಜಲ್ ಕಟ್ ಆದ ಮೇಲೆ ಒಂದು ಹನಿಯೂ ಬೇಡ. ಬಿಲ್ಲು ಸರಿಮೊತ್ತಕ್ಕೆ ಬರಲಿ ಎಂದು ಕತ್ತಿನವರೆಗೆ ತುಂಬಿಸುವ ಅಭ್ಯಾಸ ನಮ್ಮಲ್ಲಿ ಬಹಳ. ಆವಿಗೆಂದು ಮಾಡಿದ ದಾರಿಯಲ್ಲಿ ದ್ರವ ಪೆಟ್ರೋಲ್ ನುಗ್ಗಿದರೆ ಇದ್ದಿಲು ಕೆಡುತ್ತದೆ. ಈ ವ್ಯವಸ್ಥೆಯ ದುಬಾರಿ ಭಾಗಗಳಲ್ಲಿ ಕ್ಯಾನಿಸ್ಟರ್ ಒಂದು.

8. ಪಂಕ್ಚರ್ ಅಂಗಡಿಯ ಗಾಳಿ ಹೊಡೆಸಿ ಸೋರಿಕೆ ಹುಡುಕಬೇಡಿ, ದಯವಿಟ್ಟು. ಟೈರಿಗೆ ಬೇಕಾದ ಒತ್ತಡವನ್ನು ಟ್ಯಾಂಕ್ ತಡೆಯಲಾರದು. ಒಡೆದರೆ ಹೊರಬರುವುದು ಪೆಟ್ರೋಲ್. ಕಣ್ಣಿಗೆ ಕಾಣದ ತೂತಿಗೆ ಅತಿ ಕಡಿಮೆ ಒತ್ತಡದ ಹೊಗೆ ಪರೀಕ್ಷೆ ಇದೆ, ಯಂತ್ರ ಇರುವ ಗ್ಯಾರೇಜಿನಲ್ಲಿ ಮಾಡಿಸಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿಯೇ ಹರಡುತ್ತದೆ. ಹತ್ತಿರ ಬೀಡಿ, ಬೆಂಕಿಕಡ್ಡಿ, ವೆಲ್ಡಿಂಗ್ ಯಾವುದೂ ಇರಕೂಡದು.

9. ರಿಪೇರಿಯಾದ ಮೇಲೆ ಕಾಯಿರಿ. ಮುಚ್ಚಳ ಬಿಗಿ ಮಾಡಿದ ತಕ್ಷಣ ದೀಪ ಆರದು. ಸಾಮಾನ್ಯವಾಗಿ ಮೂರು ಪೂರ್ಣ ಓಡಾಟಗಳಲ್ಲಿ ಕಾರು ತಾನೇ ಮಾಡಿಕೊಳ್ಳುವ ಪರೀಕ್ಷೆ ಸರಿಯಾಗಿ ಮುಗಿಯಬೇಕು. ಸೋರಿಕೆ ಪರೀಕ್ಷೆ ಇರುವ ಕಾರಿನಲ್ಲಿ ಟ್ಯಾಂಕ್ ಪೂರ್ತಿ ತುಂಬಿಯೂ ಇರಬಾರದು, ಖಾಲಿಯೂ ಇರಬಾರದು. ಬಿಲ್ಲಿನ ಮೇಲೆ ಕೋಡ್ ಸಂಖ್ಯೆ ಬರೆಸಿಕೊಳ್ಳಿ, ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ಹೊಗೆ ತಪಾಸಣೆಯ ಸರ್ಟಿಫಿಕೇಟ್ ಇದೆಯೆಂದು ಸುಮ್ಮನಾಗಬೇಡಿ: ಆ ತಪಾಸಣೆ ಅಳೆಯುವುದು ಸೈಲೆನ್ಸರ್ ಬಾಯಿಂದ ಬರುವುದನ್ನು ಮಾತ್ರ, ಟ್ಯಾಂಕಿನಿಂದ ಸೋರುವ ಆವಿಯನ್ನಲ್ಲ.