ಗೇಮಿನ ರಿಮೋಟ್ ಕೆಟ್ಟಿತು

ಓದಿ ತಿಳಿಯೋಣ

ಜತ್ತ ತಾಲೂಕಿನ ಒಂದು ಹಳ್ಳಿ. ಇಲ್ಲಿ ಮಳೆ ಕಡಿಮೆ. ಹಂಗಾಮು ಬಂತೆಂದರೆ ಅನೇಕರು ಕಬ್ಬು ಕಡಿಯಲು ಬೇರೆ ಊರಿಗೆ ಹೋಗುತ್ತಾರೆ. ಒಬ್ಬ ಹುಡುಗನ ತಂದೆಯೂ ಹೋದ. ಹೋಗುವ ಮೊದಲು ಗುಡ್ಡಾಪುರದ ದಾನಮ್ಮದೇವಿ ಜಾತ್ರೆಯಲ್ಲಿ ಮಗನಿಗೆ ಟಿ.ವಿ.ಗೆ ಹಚ್ಚುವ ವಿಡಿಯೋ ಗೇಮ್ ಕೊಡಿಸಿದ. ಅದರ ಜೊತೆ ಎರಡು ರಿಮೋಟ್ ಇದ್ದವು.

ಒಂದು ದಿನ ತಾಯಿ ಕೌದಿ ತೆಗೆದಳು. ಅದರ ಕೆಳಗೆ ಒಂದು ರಿಮೋಟ್ ಸಿಕ್ಕಿತು.

“ಯಾಕೋ ತಮ್ಮಾ, ಇದನ್ನ ಮುಚ್ಚಿ ಇಟ್ಟೀದಿ?”

“ಅವ್ವಾ, ಬಟನ್ ಒತ್ತಿದ್ರ ಗೊಂಬಿ ಜಿಗಿಯವಲ್ದು. ಅಪ್ಪ ಬಂದ್ರ ಬಡೀತಾನ.”

“ಕೆಟ್ಟದ್ದನ್ನ ಮುಚ್ಚಿಟ್ರ ಛಲೋ ಆಗತೈತೇನು? ನಡಿ, ತೋರ್ಸೂಣು.”

ಇಬ್ಬರೂ ಟಿ.ವಿ. ರಿಪೇರಿ ಮಾಡುವವನ ಹತ್ತಿರ ಹೋದರು.

“ಅಣ್ಣಾ, ಇದು ಹೋತೇನು?” ಎಂದು ತಾಯಿ ಕೇಳಿದಳು.

“ತಡಿ ತಂಗೀ. ಮೊದಲು ಎಲ್ಲಿ ಕೆಟ್ಟೈತಿ ಅಂತ ನೋಡಬೇಕು.”

ಅವನು ಅದೇ ಜಾಗದಲ್ಲಿ ಇನ್ನೊಂದು ರಿಮೋಟ್ ಹಚ್ಚಿದ. ಗೊಂಬೆ ಜಿಗಿಯಿತು. “ಅಂದ್ರ ಡಬ್ಬಿ ಛಲೋ ಐತಿ. ದೋಷ ಈ ರಿಮೋಟಿನಾಗ ಐತಿ” ಎಂದ.

ಆಮೇಲೆ ವಾಯರನ್ನು ಅದರ ಬುಡದಲ್ಲಿ ಮೆಲ್ಲಗೆ ಅಲುಗಾಡಿಸಿದ. ಎಳೆದು ಆಡಿದರೆ ವಾಯರ್ ಅಲ್ಲಿಯೇ ಒಳಗೆ ಹರಿಯುತ್ತದೆ. ಹರಿದಿದ್ದರೆ ಕತ್ತರಿಸಿ ಮತ್ತೆ ಬೆಸುಗೆ ಹಾಕಬೇಕು. ಇದರ ವಾಯರ್ ಸರಿ ಇತ್ತು.

ಕೊನೆಗೆ ಕರೆಂಟಿನಿಂದ ಪಿನ್ ತೆಗೆದು, ರಿಮೋಟಿನ ಸ್ಕ್ರೂ ಬಿಚ್ಚಿದ. ಬಟನ್ ಕೆಳಗೆ ರಬ್ಬರ್ ಇತ್ತು. ರಬ್ಬರಿನ ತಳದಲ್ಲಿ ಕಪ್ಪು ಚುಕ್ಕೆ ಇತ್ತು. ಅದರಲ್ಲಿ ಇಂಗಾಲ ಇರುತ್ತದೆ. ಬಟನ್ ಒತ್ತಿದಾಗ ಆ ಚುಕ್ಕೆ ಕೆಳಗಿನ ಎರಡು ಗೆರೆಗಳನ್ನು ಕೂಡಿಸುತ್ತದೆ. ಆಗ ಕರೆಂಟ್ ಹರಿದು ಗೊಂಬೆ ಜಿಗಿಯುತ್ತದೆ. ನಡುವೆ ಹೊಲಸು ಕೂತರೆ ಕರೆಂಟ್ ಹರಿಯುವುದಿಲ್ಲ.

“ಬೆಲ್ಲ ತಿಂದ ಕೈಲೆ ಆಡೀದಿ ಏನೋ?” ಎಂದು ನಕ್ಕ. ಹುಡುಗ ತಲೆ ತಗ್ಗಿಸಿದ.

ಅರಳೆಗೆ ಶುಚಿ ಮಾಡುವ ಸ್ಪಿರಿಟ್ ಸ್ವಲ್ಪ ಹಚ್ಚಿ ಮೆಲ್ಲಗೆ ಒರೆಸಿದ. ಒಣಗಲು ಬಿಟ್ಟ. “ಕೆರೀಬಾರದು. ಕೆರೆದ್ರ ಕಪ್ಪು ಹೋಗತೈತಿ, ಬಟನ್ ಪೂರಾ ಕೆಡತೈತಿ. ಟಿ.ವಿ. ರಿಮೋಟೂ ಹಿಂಗs ಇರತೈತಿ” ಎಂದ.

ಗೊಂಬೆ ಮತ್ತೆ ಜಿಗಿಯಿತು. 20 ರೂಪಾಯಿ ಖರ್ಚಾಯಿತು.

ಆ ರಾತ್ರಿ ತಾಯಿ ಒಂದು ಚೀಟಿ ಬರೆದಳು. ಊರಿಗೆ ಬಂದಿದ್ದ ಒಬ್ಬರ ಕೈಯಲ್ಲಿ ಕಬ್ಬಿನ ಗದ್ದೆಗೆ ಕಳಿಸಿದಳು. ಅದು ಅವಳು ಗಂಡನಿಗೆ ತಾನೇ ಬರೆದ ಮೊದಲ ಚೀಟಿ:

“ಗೇಮಿನ ರಿಮೋಟ್ ಕೆಟ್ಟಿತ್ತು. ರಿಪೇರಿ ಆಗೇತಿ. 20 ರೂಪಾಯಿ ಕೊಟ್ಟೀನಿ. ಹುಡುಗ ಖರೇ ಹೇಳ್ಯಾನ. ಬೈಬ್ಯಾಡ್ರಿ.”

ನೆನಪಿಡಿ

1. ಗೋಡೆಯ ಕರೆಂಟಿಗೆ ಹಚ್ಚುವ ಅಡಾಪ್ಟರ್ ಬಿಚ್ಚಬೇಡಿ. ಅದಕ್ಕೆ ಬರುವುದು 230 ವೋಲ್ಟ್. ಜೀವಕ್ಕೆ ಅಪಾಯ.
2. ವಾಯರ್ ಇಲ್ಲದ ರಿಮೋಟಿನ ಬ್ಯಾಟರಿ ಉಬ್ಬಿದರೆ ಚಾರ್ಜ್ ಮಾಡಬೇಡಿ, ಚುಚ್ಚಬೇಡಿ. ಬೆಂಕಿ ಹತ್ತಬಹುದು.
3. ತಾಮ್ರದ ಆಸೆಗೆ ವಾಯರ್ ಸುಡಬೇಡಿ. ಆ ಹೊಗೆ ವಿಷ. ಮಕ್ಕಳ ಎದೆಗೆ ಹೋಗುತ್ತದೆ.
4. ರಿಪೇರಿ ಆಗದ್ದನ್ನು ತಿಪ್ಪೆಗೆ ಎಸೆಯಬೇಡಿ. ಇಂಥ ಕಸಕ್ಕೆ ಸರಕಾರ 2022ರಲ್ಲಿ ಹೊಸ ನಿಯಮ ಮಾಡಿದೆ. ಅದು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ವಿಡಿಯೋ ಗೇಮ್ ಕೂಡ ಅದರಲ್ಲಿ ಸೇರಿದೆ. ಇ-ಕಸ ತೆಗೆದುಕೊಳ್ಳುವವರಿಗೇ ಕೊಡಿ.

ನಿಮಗೆ ಗೊತ್ತೇ?

ರಿಮೋಟಿನ ಎಡಕ್ಕೆ ಕೂಡಿಸುವ ಗುರುತಿನಂಥ ಬಟನ್ ಇರುತ್ತದೆ. ಜಪಾನಿನ ನಿಂಟೆಂಡೊ ಕಂಪನಿಯ ಗುನ್‌ಪೇ ಯೊಕೊಯಿ ಅದನ್ನು ರೂಪಿಸಿದರು. 1982ರಲ್ಲಿ ಅದು ಕೈಯಲ್ಲಿ ಹಿಡಿದು ಆಡುವ ಒಂದು ಗೇಮಿನಲ್ಲಿ ಬಂತು.

ಹೊಸ ಪದಗಳು

ಹಂಗಾಮು – ಕೆಲಸದ ಕಾಲ
ದೋಷ – ಕೆಟ್ಟಿರುವುದು, ತಪ್ಪು
ಇಂಗಾಲ – ಇದ್ದಲಿಯಲ್ಲಿ ಇರುವ ಕಪ್ಪು ವಸ್ತು
ಬೆಸುಗೆ – ಲೋಹ ಕರಗಿಸಿ ಕೂಡಿಸುವುದು

ಉತ್ತರ ಹೇಳಿ

1. ಹುಡುಗ ರಿಮೋಟನ್ನು ಏಕೆ ಮುಚ್ಚಿಟ್ಟ?
2. ಡಬ್ಬಿ ಕೆಟ್ಟಿಲ್ಲ ಎಂದು ಹೇಗೆ ಗೊತ್ತಾಯಿತು?
3. ವಾಯರ್ ಏಕೆ ಸುಡಬಾರದು?

ನೀವೇ ಬರೆಯಿರಿ

ನಿಮ್ಮ ಮನೆಯಲ್ಲಿ ಕೆಟ್ಟ ಒಂದು ವಸ್ತುವನ್ನು ನೆನೆಯಿರಿ. ಅದರ ಹೆಸರು, ಅದರ ದೋಷ, ರಿಪೇರಿಯ ದಿನ, ಕೊಟ್ಟ ಹಣ – ಇವನ್ನು ಒಂದು ಚೀಟಿಯಲ್ಲಿ ಬರೆಯಿರಿ. ಕೆಳಗೆ ನಿಮ್ಮ ಸಹಿ ಮಾಡಿರಿ.